ಅನೇಕ ವೈದ್ಯರ ಕೈಯಲ್ಲಿ ನೊಂದ ಮಗಳು

ಧ್ಯಾನಭಾಗ: ಮಾರ್ಕನ ಸುವಾರ್ತೆ, 5ನೇ ಅಧ್ಯಾಯ, 25ರಿಂದ 34ನೇ ವಚನಗಳ ವರೆಗೆ.



ಹನ್ನೆರಡು ವರುಷ ರಕ್ತಸ್ರಾವದಿಂದ ನರಳಿದ ಆ ಸ್ತ್ರೀಯ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಅನೇಕಾವರ್ತಿ ಓದಿ ಕೇಳಿರುವೆವು. ಓದುವಾಗಲೆಲ್ಲಾ ನಮ್ಮ ಮನಸ್ಸು ಅವಳ ನಂಬಿಕೆಯ ಕಡೆಗೆ ಓಡುವದು, ಅದು ಯುಕ್ತವೇ. ಆದರೆ ಮಾರ್ಕನು ಅವಳ ನಂಬಿಕೆಯನ್ನು ತಿಳಿಸುವದಕ್ಕೆ ಮುಂಚೆ ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ನಾವು ಅದನ್ನು ಬೇಗನೆ ದಾಟಿ ಹೋಗುವೆವು. ಅದೇನಂದರೆ, ಅವಳ ಸಂಕಟಕ್ಕೆ ರೋಗವೊಂದೇ ಕಾರಣವಲ್ಲ, ವಾಸಿಮಾಡಬೇಕಾದವರೂ ಕಾರಣರಾದರು ಎಂಬದೇ. ಒಬ್ಬ ವೈದ್ಯನಲ್ಲ, ಅನೇಕ ವೈದ್ಯರು. ಅವಳ ಗಂಟು ಬರಿದಾಯಿತು. ಬೇನೆಯು ಮಾತ್ರ ಬಲವಾಯಿತು.

ಇದಲ್ಲದೆ ಯಾಜಕಕಾಂಡದ 15ನೇ ಅಧ್ಯಾಯದ ಪ್ರಕಾರ ಇಂಥ ಸ್ರಾವವುಳ್ಳ ಸ್ತ್ರೀಯು ಅಶುದ್ಧಳೆಂದು ಎಣಿಸಲ್ಪಟ್ಟಳು. ಅವಳು ಮಲಗಿದ ಹಾಸಿಗೆಯನ್ನು ಮುಟ್ಟಿದವನೂ ಸ್ನಾನಮಾಡಿ ಸಾಯಂಕಾಲದ ವರೆಗೆ ಅಶುದ್ಧನಾಗಿರಬೇಕು. ಹನ್ನೆರಡು ವರುಷ ಮುಟ್ಟಬಾರದವಳೆನಿಸಿಕೊಂಡು ಬಾಳುವದು ಎಂಥದೆಂದು ನಮ್ಮ ಸಭೆಯವರು ಪುಸ್ತಕದಿಂದ ಕಲಿಯಬೇಕಾದದ್ದಿಲ್ಲ. ನಮ್ಮ ಅಜ್ಜಿಯರು ಊರ ಬಾವಿಗೆ ದೂರ ನಿಂತು, ದಯವುಳ್ಳ ಯಾರಾದರೂ ಮೇಲಿನಿಂದ ಹೊಯ್ಯುವ ನೀರಿಗಾಗಿ ಕೊಡವಿಟ್ಟುಕೊಂಡು ಕಾದದ್ದನ್ನು ನಮ್ಮ ಮನೆಗಳಲ್ಲಿ ಇನ್ನೂ ಹೇಳುವರು. ಆದಕಾರಣ ಈ ತಿಂಗಳು ನಾವು ಒಂದೇ ಪ್ರಶ್ನೆಯನ್ನು ಧ್ಯಾನಿಸೋಣ. ರೋಗಿಯಾದ ಹೆಂಗಸಿನ ಬಳಿಗೆ ಬರುವ ಕೈಯು ಅವಳ ರೋಗವನ್ನು ನೋಡುವದಕ್ಕೆ ಮುಂಚೆ ಅವಳ ಕುಲವನ್ನು ನೋಡಿದರೆ ಏನಾಗುವದು?

ಮೊದಲನೆಯದಾಗಿ, ಮುಟ್ಟಲೊಲ್ಲದ ಕೈಯನ್ನು ಕುರಿತು ಆಲೋಚಿಸೋಣ.

ಕಾಠೇವಾಡವೆಂಬ ಸೀಮೆಯು ಈಗಿನ ಗುಜರಾತಿನಲ್ಲಿ ಸೇರಿದೆ. ಅಲ್ಲಿನ ಒಂದು ಹಳ್ಳಿಯಲ್ಲಿ ಅಸ್ಪೃಶ್ಯರೆನಿಸಿಕೊಂಡ ಕುಲದ ಒಬ್ಬ ಶಾಲಾ ಮಾಸ್ತರನಿದ್ದನು. ಅವನ ಹೆಂಡತಿಯು ಹೆತ್ತ ಎರಡನೆಯ ದಿನವೇ ಕಾಹಿಲೆ ಬಿದ್ದಳು. ಹೊಟ್ಟೆ ಕೆಟ್ಟಿತು, ಎದೆ ಉರಿಯಿತು, ಉಸಿರಾಡುವದೇ ಕಷ್ಟವಾಯಿತು. ಮಾಸ್ತರನು ಡಾಕ್ಟರನ ಬಳಿಗೆ ಓಡಿದನು. ಡಾಕ್ಟರನು ಆ ಕೇರಿಗೆ ಕಾಲಿಡಲಾರೆನೆಂದನು. ಮಾಸ್ತರನು ಊರ ದೊಡ್ಡವರ ಕಾಲಿಗೆ ಬಿದ್ದನು. ಅವರಲ್ಲೊಬ್ಬನು ಎರಡು ರೂಪಾಯಿ ಫೀಸಿಗೆ ಜಾಮೀನು ನಿಂತ ಮೇಲೆ ಡಾಕ್ಟರನು ಬಂದನು. ಆದರೂ ಕೇರಿಯೊಳಗೆ ಬರಲಿಲ್ಲ. ಬಾಣಂತಿಯನ್ನೂ ಹಸುಗೂಸನ್ನೂ ಕೇರಿಯ ಹೊರಗೆ ಹೊತ್ತು ತರಬೇಕಾಯಿತು. ಡಾಕ್ಟರನು ಜ್ವರ ನೋಡುವ ಕೊಳವೆಯನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟನು. ಅವನು ಮಾಸ್ತರನಿಗೆ ಕೊಟ್ಟನು. ಮಾಸ್ತರನು ಹೆಂಡತಿಗೆ ಹಚ್ಚಿದನು. ಅದೇ ದಾರಿಯಿಂದ ಕೊಳವೆಯು ಹಿಂದಕ್ಕೆ ಹೋಯಿತು. ರಾತ್ರಿ ಎಂಟು ಗಂಟೆಯ ಹೊತ್ತಿಗೆ ಡಾಕ್ಟರನು ದೂರದಿಂದಲೇ ದೀಪದ ಬೆಳಕಿಗೆ ಅದನ್ನು ಹಿಡಿದು ನೋಡಿ, ಇದು ನ್ಯುಮೋನಿಯಾ ಎಂದು ಹೇಳಿ ಹೊರಟು ಹೋದನು. ಔಷಧ ಕಳುಹಿಸಿದನು, ಆದರೆ ತಿರಿಗಿ ಬಂದು ನೋಡಲಿಲ್ಲ. ಆ ತಾಯಿ ತೀರಿಹೋದಳು. ಮಾಸ್ತರನು ಈ ದುಃಖವನ್ನು ಬರೆದು ಕಳುಹಿಸಲು, ಅದು 1929ನೇ ಇಸವಿ ಡಿಸೆಂಬರ 12ನೇ ತಾರೀಖಿನ ಗಾಂಧಿಯವರ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅಚ್ಚಾಯಿತು. ಡಾಕ್ಟರ ಅಂಬೇಡ್ಕರರು ತಮ್ಮ ಜೀವಿತದ ಕಹಿ ಅನುಭವಗಳನ್ನು ಬರೆಯುವಾಗ ಇದನ್ನೂ ಅವುಗಳ ಸಂಗಡ ಸೇರಿಸಿದರು.

ಪ್ರಿಯರೇ, ಇಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ. ಡಾಕ್ಟರನು ರೋಗದ ಹೆಸರನ್ನು ಹೇಳಿದನು. ಕೊರತೆಯಾದದ್ದು ಕೈಯೇ. ನಾಡಿ ಹಿಡಿಯಲಿಲ್ಲ, ಎದೆಗೆ ಕಿವಿಗೊಡಲಿಲ್ಲ.

ಅದಕ್ಕೆ 32 ವರುಷ ಮುಂಚೆ, 1897ರಲ್ಲಿ, ಪುಣೆಯ ಸೀಮೆಯಲ್ಲಿ ಪ್ಲೇಗು ಹಬ್ಬಿದಾಗ ಸಾವಿತ್ರಿಬಾಯಿ ಫುಲೆಯವರು ಇದಕ್ಕೆ ಪ್ರತಿಯಾದ ಕಾರ್ಯವನ್ನು ಮಾಡಿದ್ದರು. ಅವರು ಮುಂಢವಾ ಗ್ರಾಮದ ಮಹಾರರ ಕೇರಿಗೆ ಹೋಗಿ, ಪ್ಲೇಗು ತಗಲಿದ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತುಕೊಂಡು, ತಮ್ಮ ಮಗನಾದ ಡಾಕ್ಟರ ಯಶವಂತನ ದವಾಖಾನೆಗೆ ತಂದರು. ಅದೇ ರೋಗವು ತಮಗೂ ತಗಲಿ ಆ ವರುಷದ ಮಾರ್ಚ 10ರಂದು ತೀರಿಹೋದರು. ಅವರು ನಮ್ಮ ಸಭೆಯವರಲ್ಲ. ಆದರೂ ಯೆರಿಕೋವಿನ ದಾರಿಯಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರೆಂದು ಕರ್ತನು ಕೇಳಿದ್ದನ್ನು ನೆನಸಿರಿ.

ಈಗ ಕಾಲ ಬದಲಾಗಿದೆ ಎಂದು ನೀವು ಹೇಳುವಿರಿ. ಹೌದು, ಬದಲಾಗಿದೆ, ಅದಕ್ಕಾಗಿ ದೇವರಿಗೆ ಸ್ತೋತ್ರ. ರಾಜ್ಯಾಂಗದ 17ನೇ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರ ಕಾಯಿದೆಯು ಅಸ್ಪೃಶ್ಯತೆಯ ನೆವದಿಂದ ಯಾರನ್ನಾದರೂ ದವಾಖಾನೆಯಿಂದ ಹಿಂದಕ್ಕೆ ಕಳುಹಿಸುವದನ್ನು ಶಿಕ್ಷೆಗೆ ಗುರಿಯಾದ ಅಪರಾಧವೆಂದು ನಿರ್ಣಯಿಸಿತು. ನಮ್ಮ ರಾಜ್ಯದಲ್ಲಿ 2001ರಿಂದ 2003ರ ಲೆಕ್ಕದಂತೆ ಒಂದು ಲಕ್ಷ ಹೆರಿಗೆಗಳಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಲೆಕ್ಕದಲ್ಲಿ ಆ ಸಂಖ್ಯೆಯು 69ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರೂ ನರ್ಸಬಾಯಿಯರೂ ಒಳ್ಳೇ ಡಾಕ್ಟರರೂ ಇದಕ್ಕಾಗಿ ದುಡಿದಿದ್ದಾರೆ. ಅವರನ್ನು ನಾವು ಹೀನೈಸುವದಿಲ್ಲ. ಆದರೆ ಹಳೇ ಪಾಪವು ಹಳೇ ಬಟ್ಟೆಯನ್ನು ಬಿಚ್ಚಿಟ್ಟು ಹೊಸ ಬಟ್ಟೆ ಉಟ್ಟುಕೊಂಡು ಬರುವದುಂಟು.

ಆದಕಾರಣ ಎರಡನೆಯದಾಗಿ, ಕೊಯ್ಯುವದಕ್ಕೆ ಅವಸರಪಡುವ ಕೈಯನ್ನು ಕುರಿತು ಆಲೋಚಿಸೋಣ. ಇದು ದೂರದ ಕಾಠೇವಾಡದ ಮಾತಲ್ಲ, ನಮ್ಮ ಕಲಬುರಗಿ ಜಿಲ್ಲೆಯದೇ.

2015ನೇ ಇಸವಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದು ವಿಚಾರಣೆ ನಡೆಯಿತು. ಸುಮಾರು ಎರಡೂವರೆ ವರುಷದೊಳಗೆ ಕೆಲವು ಖಾಸಗಿ ದವಾಖಾನೆಗಳಲ್ಲಿ 2,200ಕ್ಕೂ ಹೆಚ್ಚು ಹೆಂಗಸರ ಗರ್ಭಚೀಲವನ್ನು ಕೊಯ್ದು ತೆಗೆದಿದ್ದರೆಂದು ಆಗ ಹೊರಬಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನರು 40 ವರುಷಕ್ಕೆ ಒಳಗಿನವರು. ಬಹುಮಂದಿ ತಾಂಡಾಗಳ ಲಂಬಾಣಿ ಹೆಂಗಸರು, ಕೇರಿಗಳ ದಲಿತ ಹೆಂಗಸರು, ಕೂಲಿನಾಲಿ ಮಾಡುವ ಬಡವರು. ಅವರು ಹೋದದ್ದು ಯಾತಕ್ಕೆ? ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು, ಉರಿಮೂತ್ರ ಇವುಗಳಿಗೆ. ಅನೇಕರಿಗೆ ಸಿಕ್ಕ ಉತ್ತರವು ಒಂದೇ: ಗರ್ಭಚೀಲವು ಕೆಟ್ಟಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುವದು, ಸಾಯುವಿ. ನಾಲ್ಕು ದವಾಖಾನೆಗಳ ಪರವಾನಗಿಯನ್ನು ರದ್ದು ಮಾಡುವ ತೀರ್ಮಾನವಾಯಿತೆಂದು ವರ್ತಮಾನ ಪತ್ರಗಳಲ್ಲಿ ಬಂದಿತು. ಆದರೂ ತಮಗೆ ನ್ಯಾಯ ದೊರೆಯಲಿಲ್ಲವೆಂದು 2017ರ ಫೆಬ್ರವರಿಯಲ್ಲಿ ಆ ಹೆಂಗಸರೇ ಕಲಬುರಗಿಗೆ ಬಂದು ಕೂಗಿಕೊಂಡರು. ಹನ್ನೆರಡು ವರುಷ ಮೌನವಾಗಿದ್ದವಳು ಜನಸಮೂಹದೊಳಗೆ ನುಗ್ಗಿ ಬಂದದ್ದು ನಮಗೆ ಆಗ ನೆನಪಾಯಿತು.

ಆಳಂದದ ಕಡೆಯ ಒಂದು ತಾಂಡಾದಲ್ಲಿ ನಾವು ಭೇಟಿಗೆ ಹೋದಾಗ ಮೂವತ್ತು ತುಂಬಿರದ ಒಬ್ಬ ಸಹೋದರಿಯನ್ನು ಕಂಡೆವು. ತೊಗರಿ ಕೊಯ್ಲಿನ ದಿನಗಳು. ಮನೆಯವರೆಲ್ಲಾ ಹೊಲಕ್ಕೆ ಹೋಗಿದ್ದರು, ಅವಳೊಬ್ಬಳೇ ಗೋಡೆಗೆ ಆತು ಕೂತಿದ್ದಳು. ಬಗ್ಗಿದರೆ ಸೊಂಟ ಎದ್ದು ಬರುವದಿಲ್ಲ, ರಾತ್ರಿ ಮೈಯೆಲ್ಲಾ ಬೆಂಕಿ ಹತ್ತಿದಂತಾಗುವದು ಎಂದಳು. ಹಿಂದಿನ ವರುಷ ಅವಳ ಗಂಡನು ಎರಡು ಆಡು ಮಾರಿ, ಅವಳ ಬೆಳ್ಳಿಯ ಒಡವೆಗಳನ್ನು ಒತ್ತೆಯಿಟ್ಟು, ಕಬ್ಬು ಕಡಿಯಲು ಬರುವೆವೆಂದು ಮುಂಗಡ ಹಣ ತಂದು, ಆಪರೇಶನ್ ಮಾಡಿಸಿದ್ದನು. ಅವಳು ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ: “ಅಣ್ಣಾ, ಅವ್ರು ನನಗ ಎರಡೇ ಮಾತ ಕೇಳಿದ್ರು. ಯಾವ ತಾಂಡಾ? ಎಷ್ಟ ರೊಕ್ಕ ತಂದೀರಿ? ಎಲ್ಲಿ ನೋಯ್ತದ ಅಂತ ಯಾರೂ ಕೇಳಲಿಲ್ಲ.”

ನಮ್ಮ ತಪ್ಪನ್ನೂ ಇಲ್ಲಿ ಮರೆಮಾಡದೆ ಹೇಳುವೆವು. ಅವಳು ಆಪರೇಶನ್ನಿಗೆ ಹೋಗುವ ಮುಂಚೆ ಆ ಮನೆಯವರು ಪ್ರಾರ್ಥನೆಗಾಗಿ ನಮ್ಮನ್ನು ಕರೆದಿದ್ದರು. ನಾವು ಹೋದೆವು, ಮೊಣಕಾಲೂರಿದೆವು, ಡಾಕ್ಟರರ ಕೈಯನ್ನು ಆಶೀರ್ವದಿಸೆಂದು ಬೇಡಿಕೊಂಡೆವು, ಚಹಾ ಕುಡಿದು ಎದ್ದು ಬಂದೆವು. ರೋಗವೇನು, ಬೇರೆ ಡಾಕ್ಟರರಿಗೆ ತೋರಿಸಿದಿರಾ, ಗುಳಿಗೆಯಿಂದ ವಾಸಿಯಾಗುವದಿಲ್ಲವೋ ಎಂದು ಒಂದು ಮಾತನ್ನೂ ಕೇಳಲಿಲ್ಲ. ಓದು ಬರಹ ಬಲ್ಲವರು ಆ ಮನೆಯಲ್ಲಿ ಆ ದಿನ ನಾವೊಬ್ಬರೇ. ಅವಳು ಹೆಬ್ಬೆಟ್ಟು ಒತ್ತಿದ ಕಾಗದವನ್ನು ಓದಬಲ್ಲವರು ನಾವಿದ್ದೆವು, ಓದಲಿಲ್ಲ.

ಇದರಿಂದ ಆಪರೇಶನ್ನೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳಿಂದ ರಕ್ತವು ನಿಲ್ಲದೆ ಹೋಗುತ್ತಿದ್ದರೆ, ಗರ್ಭಚೀಲವು ಕೆಳಗೆ ಜಾರಿ ಬಂದಿದ್ದರೆ ಅದನ್ನು ತೆಗೆಯಬೇಕಾಗುವದುಂಟು. ಆಗ ಅಂಜಿ ಮನೆಯಲ್ಲಿ ಕೂತರೆ ಪ್ರಾಣಕ್ಕೆ ಅಪಾಯ. ಆದರೆ ಬಿಳಿಸೆರಗೂ ಉರಿಮೂತ್ರವೂ ಬಹುತರ ಗುಳಿಗೆ ಔಷಧಗಳಿಂದ ವಾಸಿಯಾಗುವಂಥವು. ಚಿಕ್ಕ ಪ್ರಾಯದಲ್ಲಿ ಗರ್ಭಚೀಲದ ಸಂಗಡ ಅಂಡಾಶಯಗಳನ್ನೂ ತೆಗೆದರೆ ಮುಪ್ಪಿನಲ್ಲಿ ಬರಬೇಕಾದ ಮುಟ್ಟು ನಿಲ್ಲುವ ಕಾಲವು ಒಮ್ಮೆಲೆ ಬರುವದು. ಮೈ ಉರಿಯುವದು, ಎಲುಬು ಸೊರಗುವದು, ಹೃದಯಕ್ಕೂ ಹಾನಿ. ದಿನಗೂಲಿಯಿಂದ ಬದುಕುವವಳಿಗೆ ಸೊಂಟವೇ ಆಸ್ತಿ. ಅದು ಹೋದರೆ ಮನೆಯ ರೊಟ್ಟಿ ಹೋಯಿತು, ಸಾಲ ಮಾತ್ರ ಉಳಿಯಿತು.

ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿಯೂ 2019ರಲ್ಲಿ ಹೀಗೆಯೇ ಬೆಳಕಿಗೆ ಬಂತು. ಅಲ್ಲಿ ಕಬ್ಬು ಕಡಿಯುವ ಸುಮಾರು 82,000 ಹೆಂಗಸರನ್ನು ವಿಚಾರಿಸಿದಾಗ 13,000ಕ್ಕೂ ಹೆಚ್ಚು ಜನರಿಗೆ ಗರ್ಭಚೀಲವು ಇರಲಿಲ್ಲ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥ ಸಂಗತಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದವು. 2023ನೇ ಇಸವಿ ಏಪ್ರಿಲ 5ರಂದು ಕೋರ್ಟು ತೀರ್ಪು ಕೊಟ್ಟು, ಇದನ್ನು ತಡೆಯುವ ನಿಯಮಗಳನ್ನು ಎಲ್ಲಾ ರಾಜ್ಯಗಳು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಆಜ್ಞಾಪಿಸಿತು.

ಮೂರನೆಯದಾಗಿ, ಈ ಎರಡು ಕೈಗಳ ಬೇರು ಒಂದೇ ಎಂದು ತಿಳುಕೊಳ್ಳೋಣ.

ಒಂದು ಕೈ ಮುಟ್ಟಲೊಲ್ಲದು, ಇನ್ನೊಂದು ಕೈ ಕೊಯ್ಯಲು ಅವಸರಪಡುವದು. ಇವೆರಡು ಒಂದಕ್ಕೊಂದು ವಿರುದ್ಧವೆಂದು ಕಾಣುವದು. ಆದರೆ ಎರಡರಲ್ಲಿಯೂ ರೋಗಿಯಾದವಳ ಮಾತಿಗೆ ಕಿವಿಯಿಲ್ಲ. ಇವಳು ಇಂಥ ಕುಲದವಳು, ಇವಳಿಗೆ ಏನು ತಿಳಿಯುವದು, ಇವಳು ಕೇಳಿದರೆ ಕೇಳುವವರಾರು ಎಂಬ ಭಾವನೆಯೇ ಎರಡಕ್ಕೂ ಬೇರು. ಈ ಜನರು ಗಟ್ಟಿ, ಇವರಿಗೆ ನೋವು ಹತ್ತುವದಿಲ್ಲ ಎಂಬ ಮಾತನ್ನು ಹೆರಿಗೆಯ ಕೋಣೆಯ ಬಾಗಲಲ್ಲಿ ನಾವೇ ಕೇಳಿರುವೆವು.

ಇದು ನಮ್ಮ ದೇಶದ ಪಾಪ ಮಾತ್ರವಲ್ಲ. ಸುವಾರ್ತಾ ಬೋಧಕರನ್ನು ನಮ್ಮ ಸೀಮೆಗೆ ಕಳುಹಿಸಿದ ಅಮೇರಿಕಾ ದೇಶದಲ್ಲಿಯೂ ಇದೇ ಬೇರು ಆಳವಾಗಿ ಇಳಿದಿದೆ. 1840ರ ದಶಕದಲ್ಲಿ ಅಲಬಾಮಾ ಎಂಬ ಸೀಮೆಯ ಸಿಮ್ಸ್ ಎಂಬ ಡಾಕ್ಟರನು ಗುಲಾಮರಾಗಿದ್ದ ಕಪ್ಪು ಹೆಂಗಸರ ಮೇಲೆ, ನೋವು ತಿಳಿಯದಂತೆ ಮಾಡುವ ಔಷಧವಿಲ್ಲದೆ, ಮೇಲಿಂದ ಮೇಲೆ ಶಸ್ತ್ರಪ್ರಯೋಗ ಮಾಡಿದನು. ಅನಾರ್ಕಾ, ಬೆಟ್ಸಿ, ಲೂಸಿ ಎಂಬವರು ಅವರಲ್ಲಿ ಮೂವರು. ಗುಲಾಮರಿಂದ ಒಪ್ಪಿಗೆ ಕೇಳುವವರಾರು? ಆ ಕಾಲವು ಹೋಯಿತು. ಆದರೆ 2016ರಲ್ಲಿ ವರ್ಜೀನಿಯಾ ಎಂಬಲ್ಲಿ ವೈದ್ಯ ವಿದ್ಯಾರ್ಥಿಗಳನ್ನೂ ಎಳೆಯ ಡಾಕ್ಟರರನ್ನೂ ವಿಚಾರಿಸಿ ನೋಡಲು, ಕಪ್ಪು ಜನರ ಚರ್ಮವು ದಪ್ಪವೆಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಸುಮಾರು ಅರ್ಧ ಜನರಿದ್ದರು. ಆ ದೇಶದಲ್ಲಿ ಬಿಳೀ ತಾಯಂದಿರಿಗಿಂತ ಕಪ್ಪು ತಾಯಂದಿರು ಬಸುರು ಬಾಣಂತಿತನದ ಕಾರಣದಿಂದ ಸುಮಾರು ಮೂರು ಪಟ್ಟು ಹೆಚ್ಚಾಗಿ ಸಾಯುತ್ತಾರೆ. ಚರ್ಮದ ಬಣ್ಣವೆಂದರೂ ಕುಲವೆಂದರೂ, ಹೆಸರು ಬೇರೆ, ಬೇರು ಒಂದೇ.

ನಾಲ್ಕನೆಯದಾಗಿ, ನಮ್ಮ ಸ್ವಂತ ಕೈಗಳನ್ನು ನೋಡಿಕೊಳ್ಳೋಣ.

ಡಾಕ್ಟರರನ್ನು ದೂರುವದು ಸುಲಭ. ಆದರೆ ನಮ್ಮ ಸಭೆಗಳಲ್ಲಿ ಏನು ನಡೆಯುತ್ತದೆ? ಜೇವರ್ಗಿಯ ಕಡೆಯ ಒಂದು ಹಳ್ಳಿಯಲ್ಲಿ ಎರಡು ಕೇರಿಗಳ ವಿಶ್ವಾಸಿಗಳು ಒಂದೇ ದೇವಾಲಯದಲ್ಲಿ ಕೂಡುತ್ತಾರೆ, ಒಂದೇ ಕೀರ್ತನೆ ಹಾಡುತ್ತಾರೆ. ಒಂದು ರಾತ್ರಿ ಒಂದು ಕೇರಿಯ ಸೊಸೆಗೆ ಬೇನೆ ಎದ್ದಿತು. ಮಳೆಯಿಂದ ಹಳ್ಳ ತುಂಬಿ ಗಾಡಿ ಬರುವ ಹಾಗಿರಲಿಲ್ಲ. ಇನ್ನೊಂದು ಕೇರಿಯಲ್ಲಿ ಕೈಗುಣವುಳ್ಳ ಮುದುಕಿಯೊಬ್ಬಳಿದ್ದಳು, ಸೂಲಗಿತ್ತಿ. ಆದಿತ್ಯವಾರ ನಮ್ಮ ಮುಂದಿನ ಸಾಲಿನಲ್ಲಿಯೇ ಕೂತುಕೊಳ್ಳುವವಳು. ಆ ಕೇರಿಗೆ ಹೋಗಿ ಆ ಕೆಲಸ ಮಾಡುವ ವಾಡಿಕೆ ತಮ್ಮ ಮನೆತನದಲ್ಲಿಲ್ಲವೆಂದು ಅವಳ ಮಕ್ಕಳು ಕಳುಹಿಸಲಿಲ್ಲ. ದೇವರ ಕೃಪೆಯಿಂದ ತಾಯಿಯೂ ಕೂಸೂ ಉಳಿದರು. ಆದರೆ ಕಾಠೇವಾಡದ ಡಾಕ್ಟರನಿಗೂ ಆ ಮಕ್ಕಳಿಗೂ ಏನು ಭೇದವಿತ್ತು? ನಾವು ದೀಕ್ಷಾಸ್ನಾನದ ನೀರಿನಲ್ಲಿ ಜಾತಿಯನ್ನು ತೊಳೆದುಕೊಂಡೆವೆಂದು ಹೇಳುವೆವು. ಹಾಗಾದರೆ ಬಾಣಂತಿಯ ಬಾಗಲಿಗೆ ಅದು ಹೇಗೆ ತಿರಿಗಿ ಬಂತು?

ಗಂಡಸರಿಗೂ ಒಂದು ಮಾತು. ಎತ್ತಿಗೆ ಕುಂಟು ಬಂದರೆ ಆ ದಿನವೇ ಪಶುವಿನ ಡಾಕ್ಟರನನ್ನು ಕರೆತರುವಿರಿ. ಹೆಂಡತಿಯು ಆರು ತಿಂಗಳಿನಿಂದ ಹೊಟ್ಟೆ ಹಿಡುಕೊಂಡು ನಡೆದರೂ ಹೆಂಗಸರ ರೋಗವೆಂದು ಮುಖ ತಿರುಗಿಸುವಿರಿ. ನಾಚಿಕೆಯಿಂದ ಅವಳು ಬಾಯಿ ಮುಚ್ಚುವಳು. ಕಡೆಗೆ ತಾಳಲಾರದೆ ಒಬ್ಬಳೇ ಪಟ್ಟಣಕ್ಕೆ ಹೋಗುವಳು. ಒಬ್ಬಳೇ ಹೋದವಳು, ಅಂಜಿದವಳು, ಓದು ಬಾರದವಳು, ಇಂಥವಳೇ ಅವಸರದ ಕೈಗೆ ಸಿಕ್ಕುವಳು.

ಕಡೆಯದಾಗಿ, ನಮ್ಮ ಕರ್ತನು ಮಾಡಿದ್ದನ್ನು ನೋಡೋಣ.

ಆತನು ಯಾಯೀರನೆಂಬ ಸಭಾಮಂದಿರದ ಅಧಿಕಾರಿಯ ಮನೆಗೆ ಅವಸರವಾಗಿ ಹೋಗುತ್ತಿದ್ದನು. ದೊಡ್ಡವರ ಮನೆಯ ಮಗು ಸಾಯುವ ಸ್ಥಿತಿಯಲ್ಲಿತ್ತು. ಹೀಗಿರಲಾಗಿ ಹೆಸರಿಲ್ಲದ ಒಬ್ಬ ಅಶುದ್ಧ ಸ್ತ್ರೀಗಾಗಿ ಆತನು ದಾರಿಯಲ್ಲಿ ನಿಂತನು. ಇದು ಮೊದಲನೆಯದು: ನಿಂತನು. ಶಿಷ್ಯರಿಗೆ ಇದು ಹುಚ್ಚುತನವಾಗಿ ತೋರಿತು.

ಎರಡನೆಯದು: ಕೇಳಿದನು. ಅವಳಿಗೆ ಆಗಲೇ ವಾಸಿಯಾಗಿತ್ತು. ಸುಮ್ಮನೆ ಮುಂದೆ ನಡೆಯಬಹುದಿತ್ತು. ಆದರೆ ಅವಳು ನಡುಗುತ್ತಾ ಬಂದು ನಡೆದದ್ದೆಲ್ಲವನ್ನು ಹೇಳುವ ವರೆಗೆ ಆತನು ಕಾದನು. ಹನ್ನೆರಡು ವರುಷದ ಕಥೆಯನ್ನು ಅಷ್ಟು ಹೊತ್ತು ಯಾವ ವೈದ್ಯನು ಕೇಳಿದ್ದನು? ಆ ತಾಂಡಾದ ಸಹೋದರಿಯು ಬಯಸಿದ್ದೂ ಇದನ್ನೇ ಅಲ್ಲವೋ?

ಮೂರನೆಯದು: ಮಗಳೇ ಎಂದು ಕರೆದನು. ಸುವಾರ್ತೆಗಳಲ್ಲಿ ಆತನು ಹೀಗೆ ಕರೆದದ್ದು ಈ ಸ್ತ್ರೀಯೊಬ್ಬಳನ್ನೇ. ಯಾಯೀರನ ಮಗಳಿಗೆ ತಂದೆಯಿದ್ದನು, ಮನೆಯಿತ್ತು, ಹೆಸರಿತ್ತು. ಇವಳಿಗೆ ಯಾರೂ ಇರಲಿಲ್ಲ. ಆತನು ಜನಸಮೂಹದ ಎದುರಿನಲ್ಲಿ ಇವಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದನು.

ಆದಕಾರಣ ಪ್ರಿಯರೇ, ಆಳಂದದ ತಾಂಡಾಗಳಿಂದ ಹಿಡಿದು ಭೀಮಾನದಿಯ ದಡದ ಅಫಜಲಪುರ ಜೇವರ್ಗಿಯ ಹಳ್ಳಿಗಳ ವರೆಗೂ ನಮ್ಮ ಸಭೆಗಳು ಈ ಕೆಲವು ಕಾರ್ಯಗಳನ್ನು ಕೈಕೊಳ್ಳಲಿ. ಯಾವ ಸಹೋದರಿಯೂ ದವಾಖಾನೆಗೆ ಒಬ್ಬಳೇ ಹೋಗದಿರಲಿ. ಓದಬಲ್ಲ ಒಬ್ಬ ಹೆಂಗಸು ಅವಳ ಸಂಗಡ ಹೋಗಲಿ. ಆಪರೇಶನ್ ಎಂದ ಕೂಡಲೆ ಹೆಬ್ಬೆಟ್ಟು ಒತ್ತದೆ ಮೂರು ಮಾತು ಕೇಳಲಿ: ರೋಗದ ಹೆಸರೇನು, ಔಷಧದಿಂದ ವಾಸಿಯಾಗದೋ, ತೆಗೆಯುವದು ಯಾವ ಯಾವ ಅಂಗವನ್ನು. ಜೀವಕ್ಕೆ ತಕ್ಷಣದ ಅಪಾಯವಿಲ್ಲವಾದರೆ ಇನ್ನೊಬ್ಬ ಡಾಕ್ಟರರಿಗೆ ತೋರಿಸಲಿ; ಕಲಬುರಗಿಯಲ್ಲಿ ಸರಕಾರದ ದೊಡ್ಡ ದವಾಖಾನೆ ಇದೆ. ಚೀಟಿ, ಫೋಟೋ, ರಸೀತಿ ಎಲ್ಲವನ್ನೂ ಬೇಡಿ ತಂದು ಪೆಟ್ಟಿಗೆಯಲ್ಲಿ ಇಡಲಿ. ಅನ್ಯಾಯವಾದರೆ ಅಳುತ್ತಾ ಕೂಡಬೇಕಾದದ್ದಿಲ್ಲ. ಖಾಸಗಿ ದವಾಖಾನೆಗಳನ್ನು ಕುರಿತ ನಮ್ಮ ರಾಜ್ಯದ 2007ರ ಕಾಯಿದೆಯು 2017ರಲ್ಲಿ ತಿದ್ದುಪಡಿಯಾದಾಗ ರೋಗಿಯ ಹಕ್ಕುಗಳನ್ನು ಅದರಲ್ಲಿ ಬರೆದಿಟ್ಟರು. ದೂರು ಕೇಳುವದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರವನ್ನೂ ನೇಮಿಸಿದರು. ಪೌಲನು ಸಹ ಅನ್ಯಾಯವಾಗಿ ಹೊಡಿಸಲ್ಪಡುವ ಸಮಯದಲ್ಲಿ ತಾನು ರೋಮಾಪುರದ ಹಕ್ಕುಳ್ಳವನೆಂದು ಹೇಳಲು ನಾಚಲಿಲ್ಲ.

ನಮ್ಮ ಸಭೆಗಳಲ್ಲಿ ಮಕ್ಕಳು ಓದಿ ನರ್ಸರೂ ಡಾಕ್ಟರರೂ ಆಗುತ್ತಿದ್ದಾರೆ. ಅವರಿಗೆ ತಾಯಿತಂದೆಗಳು ಇದೊಂದನ್ನು ಕಲಿಸಲಿ: ನಿನ್ನ ಅಜ್ಜಿಯು ಬಾವಿಯಿಂದ ದೂರ ನಿಂತವಳು, ನಿನ್ನ ಮುಂದೆ ಬಂದು ನಿಂತವಳ ಕುಲ ಕೇಳಬೇಡ, ನೋವು ಎಲ್ಲಿ ಎಂದು ಕೇಳು.

ಉಪದೇಶಿಗಳಾದ ನಾವೂ ಒಂದು ನಿಶ್ಚಯ ಮಾಡಿದ್ದೇವೆ. ರೋಗಿಯ ಮನೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುವ ಮುಂಚೆ ಕಣ್ಣು ತೆರೆದು ಕಾಗದವನ್ನು ಓದುವೆವು, ರೋಗಿಯು ಹೇಳುವದನ್ನೆಲ್ಲಾ ಕೇಳುವೆವು. ಆ ತಾಂಡಾದ ಸಹೋದರಿಗೆ ಹೋದದ್ದನ್ನು ನಾವು ಹಿಂದಕ್ಕೆ ಕೊಡಲಾರೆವು. ಅವಳ ತಂಗಿಯು ಈ ಮಳೆಗಾಲದಲ್ಲಿ ಅದೇ ನೋವೆಂದು ಹೇಳಿದಾಗ, ನಮ್ಮ ಮನೆಯವರು ಅವಳ ಸಂಗಡ ಕಲಬುರಗಿಗೆ ಹೋಗಿ ತೋರಿಸಿದರು. ಹದಿನಾಲ್ಕು ದಿನದ ಗುಳಿಗೆಯಿಂದ ಅವಳಿಗೆ ವಾಸಿಯಾಯಿತು. ಅವಳು ಈಗ ಹೊಲದಲ್ಲಿದ್ದಾಳೆ.

ಮುಟ್ಟಬಾರದವಳನ್ನು ಮಗಳೆಂದು ಕರೆದ ಕರ್ತನು ನಮ್ಮ ಕೈಗಳನ್ನೂ ಕಿವಿಗಳನ್ನೂ ಶುದ್ಧಮಾಡಲಿ. ನೊಂದ ಹೆಂಗಸರಿಗೆ ಸಮಾಧಾನವನ್ನೂ ನ್ಯಾಯವನ್ನೂ ದಯಪಾಲಿಸಲಿ. ಆಮೆನ್.